ಗುಬ್ಬಿ ಗೇಟ್ ಕಡೆಯ ಬೋರ್ಡಿಲ್ಲದ ಅಂಗಡಿ: ಬಿದ್ದರೂ ಆರದ ಸುದರ್ಶನ ಚಕ್ರ

ಮೊದಲೇ ತೀರ್ಪು ಹೇಳಿಬಿಡುತ್ತೇನೆ, ಪೂರ್ತಿ ಓದುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಪೌರಾಣಿಕ ನಾಟಕಕ್ಕೆ ಲೈಟ್ ಉರಿಯುವ ಚಕ್ರ, ಗದೆ ಬೇಕಿದ್ದರೆ ತುಮಕೂರಿನ ಗುಬ್ಬಿ ಗೇಟ್ ಕಡೆಯ ಈ ಪುಟ್ಟ ವರ್ಕ್‌ಶಾಪಿಗೆ ಕಣ್ಣು ಮುಚ್ಚಿಕೊಂಡು ಹೋಗಿ. ಲೈಟಿನ ಕಿರೀಟಕ್ಕಾದರೆ ಸ್ವಲ್ಪ ತಡೆಯಿರಿ. ಮಕ್ಕಳ ಡ್ಯಾನ್ಸಿಗೆ ಕೈದೀಪ ಬೇಕಿದ್ದರೆ ಬೇರೆ ಎಲ್ಲೂ ಹುಡುಕಬೇಡಿ. ಅವಸರದ ಕೆಲಸ ಇದ್ದರೆ ಮಾತ್ರ ಆ ಕಡೆ ತಲೆ ಹಾಕಬೇಡಿ, ಬೈದುಕೊಂಡು ವಾಪಸ್ ಬರುತ್ತೀರಿ.

ಅಂಗಡಿಗೆ ಹೆಸರಿಲ್ಲ, ಬೋರ್ಡೂ ಇಲ್ಲ. ಸುತ್ತಮುತ್ತ ಕೇಳಿದರೆ 'ಚಕ್ರ ಮಾಡೋರ ಮನೆಯಾ?' ಅಂತ ಕೈ ತೋರಿಸುತ್ತಾರೆ. ಮುಂದೆ ಒಂದು ಕೋಣೆ, ಹಿಂದೆ ಮನೆ. ಗೋಡೆ ತುಂಬ ಅರ್ಧಂಬರ್ಧ ತ್ರಿಶೂಲ, ಬಿಲ್ಲು, ರಾವಣನ ತಲೆ. ಮಾಡುವವರು ಒಬ್ಬರೇ. ಸಹಾಯಕ್ಕೆ ಅವರ ತಂಗಿ ಮಗ ಕಾಲೇಜು ಮುಗಿಸಿಕೊಂಡು ಸಂಜೆ ಬಂದು ಕೂರುತ್ತಾನೆ.

ನಾನು ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಬ್ಯಾಟರಿ ಜೊತೆಗೇ ಬದುಕು. ನಮ್ಮೂರ ನಾಟಕ ಮಂಡಳಿಯಲ್ಲಿ ಪಾತ್ರ ಗೀತ್ರ ಇಲ್ಲ, ಬೆಳಕು ಮತ್ತು ಸಾಮಾನು ನನ್ನ ಜವಾಬ್ದಾರಿ. ಯಾರು ಏನು ತಂದುಕೊಟ್ಟರೂ ಮೊದಲು ಸ್ಕ್ರೂ ಬಿಚ್ಚಿ ಒಳಗೆ ನೋಡುವುದು ನನ್ನ ಚಾಳಿ. ಅದಕ್ಕೇ ಈ ವಿಮರ್ಶೆಯಲ್ಲಿ ಹೊರಗಿನ ಬಣ್ಣಕ್ಕಿಂತ ಒಳಗಿನ ವೈರಿನ ಸುದ್ದಿ ಜಾಸ್ತಿ. ಸಹಿಸಿಕೊಳ್ಳಿ.

ನಮ್ಮ ಕಡೆ 'ಕುರುಕ್ಷೇತ್ರ' ಅಂದರೆ ಏನು ಅಂತ ತುಮಕೂರಿನವರಿಗೆ ಹೇಳಬೇಕಾಗಿಲ್ಲ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಿನ ಜಾವದಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆ. ಅಷ್ಟರಲ್ಲಿ ಅರ್ಧ ಊರು ನಿದ್ದೆ ಮಾಡಿ ಎದ್ದಿರುತ್ತದೆ. ಆದರೆ ಕೃಷ್ಣ ಚಕ್ರ ಎತ್ತುವಾಗ ಯಾರೂ ಮಲಗಿರುವುದಿಲ್ಲ. ಭೀಷ್ಮನ ಮೇಲೆ ಒಂದು ಸಲ, ಸೈಂಧವನ ವಧೆಗೆ ಸೂರ್ಯನನ್ನು ಮರೆ ಮಾಡುವಾಗ ಇನ್ನೊಂದು ಸಲ, ಅದಕ್ಕೂ ಮುಂಚೆ ಕೌರವನ ಸಭೆಯಲ್ಲಿ ವಿಶ್ವರೂಪ. ಆ ಹೊತ್ತಿಗೆ ಚಕ್ರ ಉರಿಯಲಿಲ್ಲ ಅಂದರೆ ಸೀಟಿ ಹೊಡೆಯಬೇಕಾದ ಜನ ನಗುತ್ತಾರೆ. ನಮ್ಮ ಜಿಲ್ಲೆಯ ಜನಕ್ಕೆ ರಂಗದ ಮೇಲೆ ಸಣ್ಣದು ಸಾಲುವುದೂ ಇಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಜಿಲ್ಲೆ ಇದು. ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದವರು. ಅವರ ನಾಟಕ ನೋಡಿದವರ ಮೊಮ್ಮಕ್ಕಳು ಮುಂದೆ ಕೂತಿರುವಾಗ ನಾವು ಥರ್ಮಾಕೋಲ್ ತಟ್ಟೆ ಎತ್ತಿದರೆ ಹೇಗಿರುತ್ತೆ ಹೇಳಿ.

ಮುಂಚೆ ಕೆಲವು ಕಡೆ ಸೀರಿಯಲ್ ಸೆಟ್ ಸುತ್ತಿದ ಚಕ್ರ ಹಿಡಿದು, ಪರದೆ ಹಿಂದಿನಿಂದ 230 ವೋಲ್ಟಿನ ವೈರು ಎಳೆದುಕೊಂಡೇ ಕೃಷ್ಣ ಬರುತ್ತಿದ್ದ. ಮೈಯೆಲ್ಲ ಬೆವರು, ಕೈಯಲ್ಲಿ ಜರತಾರಿ, ಕಾಲ ಕೆಳಗೆ ಇಬ್ಬನಿ ಬಿದ್ದ ಹಲಗೆ. ಅದನ್ನು ಈಗ ನೆನೆಸಿಕೊಂಡರೂ ನನಗೆ ಮೈ ಜುಮ್ ಅನ್ನುತ್ತದೆ. ಆಮೇಲೆ ಬ್ಯಾಟರಿ ಬಂತು. ನಮ್ಮ ಮಂಡಳಿ ಹೋದ ಸೀಸನ್‌ವರೆಗೆ ಬಳಸುತ್ತಿದ್ದದ್ದು ಬೆಂಗಳೂರಿನಿಂದ ತರಿಸಿದ ಒಂದು ರೆಡಿಮೇಡ್ ಚಕ್ರ. ಒಳಗೆ ಮೋಟಾರ್, ಗರಗರ ತಿರುಗುತ್ತದೆ, ಏಳು ಬಣ್ಣ. ಅಂಗಡಿಯಲ್ಲಿ ನೋಡಿದರೆ ಸ್ವರ್ಗ. ರಂಗದ ಮೇಲೆ ಮೋಟಾರಿನ ಸದ್ದು ಮೈಕಿಗೆ ಕೇಳಿ, ಹಾರ್ಮೋನಿಯಂ ಮೇಷ್ಟ್ರು 'ಇದ್ಯಾವ ಶ್ರುತಿನಯ್ಯಾ?' ಅಂದರು. ಒಂದು ಸಲ ಕೈಜಾರಿ ಬಿದ್ದದ್ದೇ ಅಂಚಿನ ಅಕ್ರಿಲಿಕ್ ಸೀಳಿತು, ಸೀಳಿದ ಚೂರು ಬ್ಲೇಡಿನಷ್ಟು ಚೂಪು. ಬಿಚ್ಚಿ ನೋಡಿದರೆ ಒಳಗಿನ ಸೆಲ್ ಮೇಲೆ 9,900 ಎಂಎಎಚ್ ಅಂತ ಅಚ್ಚು (ಸೆಲ್ ಎಷ್ಟು ಕರೆಂಟ್ ತುಂಬಿಟ್ಟುಕೊಳ್ಳುತ್ತದೆ ಅನ್ನುವ ಅಳತೆ ಅದು). ಆ ಅಳತೆಯ ಸೆಲ್‌ನಲ್ಲಿ, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650ರಲ್ಲಿ, ಒಳ್ಳೆ ಕಂಪನಿಯದೇ ಆದರೂ ಸುಮಾರು 3,500 ಆಸುಪಾಸಿಗೆ ಮುಗಿಯುತ್ತದೆ. ನನ್ನ ಟೆಸ್ಟರಿಗೆ ಹಾಕಿದೆ, ಸಾವಿರವೂ ಬರಲಿಲ್ಲ. ಸೆಲ್ ಅತಿಯಾಗಿ ತುಂಬದ, ಅತಿಯಾಗಿ ಬರಿದಾಗದ ಹಾಗೆ ಕಾಯುವ ಪ್ರೊಟೆಕ್ಷನ್ ಬೋರ್ಡ್ ಇಲ್ಲ, ಫ್ಯೂಸ್ ಇಲ್ಲ. ಶಾಮಿಯಾನ ಬಟ್ಟೆ, ಬಣ್ಣದ ಪರದೆ, ತೆಂಗಿನ ಗರಿ ಮಧ್ಯೆ ಅದನ್ನು ಹಿಡಿದು ಕುಣಿಯುವುದು ಅಂದರೆ ಏನು ಅಂತ ಬ್ಯಾಟರಿ ಕೆಲಸ ಮಾಡುವವನಿಗೆ ಗೊತ್ತು.

ಹೀಗಾಗಿ ಗುಬ್ಬಿ ಗೇಟ್ ದಾರಿ ಹಿಡಿದೆವು. ನಾನು, ಜೊತೆಗೆ ಕೃಷ್ಣನ ಪಾತ್ರ ಮಾಡುವ ನಮ್ಮೂರ ಕೊಬ್ಬರಿ ವ್ಯಾಪಾರಿ.

ಆ ಮನುಷ್ಯ ಮೊದಲು ಬೆಲೆ ಹೇಳಲಿಲ್ಲ, ಪ್ರಶ್ನೆ ಕೇಳಿದರು. ಯಾವ ಕೈಯಲ್ಲಿ ಹಿಡಿಯುತ್ತೀರಿ? ಬೆರಳಲ್ಲಿ ತಿರುಗಿಸುತ್ತೀರೋ, ಸುಮ್ನೆ ಎತ್ತಿ ತೋರಿಸುತ್ತೀರೋ? ಎಸೆಯುವ ಅಭ್ಯಾಸ ಇದೆಯಾ? ಪರದೆ ಒಳಗೆ ಹೋದ ಮೇಲೆ ಯಾರ ಕೈಗೆ ಕೊಡುತ್ತೀರಿ? ಚಕ್ರದ ಸೀನಿನಲ್ಲಿ ಬೇರೆ ಲೈಟು ತಗ್ಗಿಸುವವರು ಇದ್ದಾರಾ? ಕೊನೆಯ ಪ್ರಶ್ನೆ ನನಗೆ ತುಂಬ ಹಿಡಿಸಿತು. ಸೀನರಿಯವರು ತರುವ ದೊಡ್ಡ ಲೈಟುಗಳ ಮುಂದೆ ಕೈಯಲ್ಲಿ ಹಿಡಿಯುವ ಯಾವ ಎಲ್‌ಇಡಿಯೂ ಮಂಕು. ಅವನ್ನು ತಗ್ಗಿಸಿ ಬರೀ ನೀಲಿ ಬಿಟ್ಟರೆ ಸಣ್ಣ ಬೆಳಕೂ ಹೊಳೆಯುತ್ತದೆ. ಇದು ಗೊತ್ತಿಲ್ಲದವರು ಪ್ರಖರತೆ ಜಾಸ್ತಿ ಮಾಡಿ, ಬ್ಯಾಟರಿ ಜಾಸ್ತಿ ಮಾಡಿ, ಭಾರ ಜಾಸ್ತಿ ಮಾಡಿ, ಕೊನೆಗೆ ಪಾತ್ರಧಾರಿಯ ಕೈ ನೋಯಿಸುತ್ತಾರೆ.

"ಬ್ಯಾಟ್ರಿ ಎಷ್ಟೊತ್ತು ಬರುತ್ತೆ ಅಂತ ಎಲ್ರೂ ಕೇಳ್ತಾರೆ ಅಣ್ಣ, ಬಿದ್ರೆ ಏನಾಗುತ್ತೆ ಅಂತ ಯಾರೂ ಕೇಳಲ್ಲ" ಅಂದರು. ಅಂದವರೇ ಮೇಜಿನ ಮೇಲಿದ್ದ ಒಂದು ಉರಿಯುವ ಚಕ್ರವನ್ನು ಕೆಳಗೆ ತಳ್ಳಿದರು. ಬರೀ ಸಿಮೆಂಟ್ ನೆಲ. ಚಕ್ರ ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ಮಲಗಿತು, ಬೆಳಕು ಮಿಣುಕಲೂ ಇಲ್ಲ. ಇಂಥ ನಾಟಕ ನನ್ನ ಹತ್ತಿರವೂ ಆಡುತ್ತಾರೆ ಗಿರಾಕಿ ಹಿಡಿಯಲು, ಅದಕ್ಕೇ ನಾನು ಅದನ್ನು ಎತ್ತಿ 'ಬಿಚ್ಚಲಾ?' ಅಂತ ಕೇಳಿದೆ. ಸ್ಕ್ರೂಡ್ರೈವರ್ ಅವರೇ ಕೊಟ್ಟರು.

ಒಳಗಿನ ಕೆಲಸ ನಿಜಕ್ಕೂ ಚೆನ್ನಾಗಿದೆ. ನಮಗೆ ಮಾಡಿಕೊಟ್ಟದ್ದೂ ಅದೇ ತರಹದ್ದು, ಅದನ್ನೇ ವಿವರಿಸುತ್ತೇನೆ. ಅಡ್ಡಗಲ ಒಂದಡಿ. ನಡುವಿನ ತಟ್ಟೆ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆ. ಅಕ್ರಿಲಿಕ್ ತರಹ ಇದು ಸೀಳುವುದಿಲ್ಲ, ಬಗ್ಗುತ್ತದೆ. ಹಲ್ಲುಗಳೆಲ್ಲ ಗಟ್ಟಿ ಫೋಮ್ ಶೀಟಿನಲ್ಲಿ ಕೊಯ್ದು ಬಂಗಾರದ ಬಣ್ಣ ಹೊಡೆದವು, ಮುಖಕ್ಕೆ ತಾಗಿದರೂ ಗಾಯ ಆಗುವುದಿಲ್ಲ. ಒಳಸುತ್ತಿನಲ್ಲಿ ಎಲ್‌ಇಡಿ ಪಟ್ಟಿ, ಅದರ ಮೇಲೆ ಹಾಲಿನ ಬಣ್ಣದ ಪಟ್ಟಿ. ಹೀಗಾಗಿ ಚುಕ್ಕೆ ಚುಕ್ಕೆಯಾಗಿ ಕಾಣದೆ ಒಂದೇ ಉಂಗುರದ ಹಾಗೆ ಕಾಣುತ್ತದೆ.

ಮೋಟಾರ್ ಇಲ್ಲ. ಇದೇ ಇವರ ಜಾಣತನ. ಚಕ್ರದ ಹಿಂದೆ ಬೆರಳು ತೂರಿಸುವ ಹಿಡಿ, ಹಿಡಿಗೂ ತಟ್ಟೆಗೂ ಮಧ್ಯೆ 608 ನಂಬರಿನ ಒಂದು ಬೇರಿಂಗ್. ಇನ್ನೊಂದು ಕೈಯಲ್ಲಿ ತಟ್ಟಿದರೆ ತಟ್ಟೆ ತನ್ನಷ್ಟಕ್ಕೆ ತಿರುಗುತ್ತದೆ. ಹಾಗಾದರೆ ತಿರುಗುವ ತಟ್ಟೆಗೆ ಕರೆಂಟ್ ಹೇಗೆ ಹೋಗುತ್ತೆ? ಬೇರೆಯವರು ಇಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಕರೆಂಟ್ ದಾಟಿಸುವ ಬ್ರಷ್, ಉಂಗುರ ಇಟ್ಟು ಒದ್ದಾಡುತ್ತಾರೆ, ಅದು ಸವೆದು ಮಿಣುಕುತ್ತದೆ. ಇವರು ಬ್ಯಾಟರಿಯನ್ನೇ ತಟ್ಟೆಯ ನಡುವಿಗೆ ಅಡ್ಡಲಾಗಿ ಮಲಗಿಸಿ, ಅದನ್ನೂ ತಟ್ಟೆಯ ಜೊತೆಗೇ ತಿರುಗಿಸುತ್ತಾರೆ. ಸರಿಯಾಗಿ ನಡುವೆ ಇರುವುದರಿಂದ ಒಂದು ಕಡೆಗೆ ಎಳೆಯುವುದಿಲ್ಲ. ತಿರುಗುವ ಭಾಗದಿಂದ ಆಚೆಗೆ ಒಂದು ವೈರೂ ಹೋಗುವುದಿಲ್ಲ, ಹಾಗಾಗಿ ಹರಿಯುವುದಕ್ಕೂ ಏನೂ ಇಲ್ಲ. ಜೊತೆಗೆ ಬೆಳಕು ಒಂದರ ಹಿಂದೆ ಒಂದು ಓಡುವ ಪ್ರೋಗ್ರಾಂ ಹಾಕಿದ್ದಾರೆ. ಚಕ್ರ ನಿಂತಿದ್ದರೂ ದೂರದಿಂದ ತಿರುಗುವ ಹಾಗೇ ಕಾಣುತ್ತದೆ.

ಲೆಕ್ಕದ ವಿಷಯಕ್ಕೆ ಬರೋಣ. ಪಟ್ಟಿಯಲ್ಲಿ 54 ಎಲ್‌ಇಡಿ, ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದಾದ ಡಬ್ಲ್ಯೂಎಸ್ 2812ಬಿ ತರಹದ್ದು. ಬಿಳಿ ಬಣ್ಣ ಪೂರ್ತಿ ಉರಿಸಿದರೆ ಒಂದೊಂದು 60 ಮಿಲಿಆಂಪಿಯರ್‌ವರೆಗೆ ತಿನ್ನುತ್ತದೆ. 54ಕ್ಕೆ ಮೂರು ಆಂಪಿಯರ್ ದಾಟಿತು. ಸಣ್ಣ ಸೆಲ್‌ಗೆ ಇದು ಹೊರೆ, ಪಟ್ಟಿಯೂ ಬಿಸಿಯಾಗುತ್ತದೆ. ಇವರು ಬಿಳಿಯನ್ನೇ ಬಿಟ್ಟುಬಿಟ್ಟಿದ್ದಾರೆ. ಬಂಗಾರದ ಹಳದಿಗೆ ಕೆಂಪು, ಹಸಿರು ಎರಡೇ ಸಾಕು. ಅದನ್ನೂ ಮೂರನೇ ಒಂದು ಭಾಗಕ್ಕೆ ತಗ್ಗಿಸಿ, ಒಂದು ಹೊತ್ತಿಗೆ ಎಲ್ಲ ಎಲ್‌ಇಡಿ ಉರಿಯದ ಹಾಗೆ ಮಾಡಿದ್ದಾರೆ. ನನ್ನ ಮೀಟರಿನಲ್ಲಿ ಅರ್ಧ ಆಂಪಿಯರ್ ಒಳಗೇ ಬಂತು. ಹಳದಿಯಿಂದ ಇನ್ನೊಂದು ಲಾಭ ಇದೆ. ಬ್ಯಾಟರಿ ಇಳಿಯುತ್ತಾ ಬಂದಾಗ ಈ ಎಲ್‌ಇಡಿಗಳಲ್ಲಿ ಮೊದಲು ಸೊರಗುವುದು ನೀಲಿ. ನೀಲಿಯೂ ಬೆರೆತ ಬಿಳಿ ಚಕ್ರಗಳು ಬೆಳಗಿನ ಜಾವಕ್ಕೆ ಕಾಮಾಲೆ ಬಂದ ಹಾಗಾಗುವುದು ಅದಕ್ಕೇ. ಇದರಲ್ಲಿ ನೀಲಿಯೇ ಇಲ್ಲವಲ್ಲ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಈ ತರಹದ ಎಲ್‌ಇಡಿ ಕಪ್ಪಾಗಿ ಕಂಡರೂ ಅದನ್ನು ನಡೆಸುವ ಒಳಗಿನ ಪುಟ್ಟ ಚಿಪ್ ಕರೆಂಟ್ ಕುಡಿಯುತ್ತಲೇ ಇರುತ್ತದೆ, ಒಂದಕ್ಕೆ ಹತ್ತಿರ ಹತ್ತಿರ ಒಂದು ಮಿಲಿಆಂಪಿಯರ್. 54 ಅಂದರೆ 50ರ ಆಸುಪಾಸು. ರಾತ್ರಿಯಿಡೀ ಎಂಟು ಗಂಟೆ ಸುಮ್ನೆ ಪಕ್ಕದಲ್ಲಿ ಇಟ್ಟಿದ್ದರೂ 400 ಎಂಎಎಚ್ ಹೋಯಿತು. ಅದಕ್ಕೆ ಇವರು ಎರಡು ಸ್ವಿಚ್ ಇಡುತ್ತಾರೆ. ಹಿಂದುಗಡೆ ಗುಳಿಯ ಒಳಗೆ ಕೂತಿರುವ ಒಂದು ಮೇನ್ ಸ್ವಿಚ್ ಬ್ಯಾಟರಿಯನ್ನೇ ಕಡಿಯುತ್ತದೆ. ಹೆಬ್ಬೆರಳಿಗೆ ಸಿಗುವ ಇನ್ನೊಂದು ಸೀನಿನಲ್ಲಿ ಬೆಳಕು ಹತ್ತಿಸುವುದಕ್ಕೆ. ತಿರುಗಲು ಶುರುವಾದ ಮೇಲೆ ಆರಿಸಲು ಆಗುವುದಿಲ್ಲ, ಒಂದು ಕ್ಷಣ ತಟ್ಟೆ ನಿಲ್ಲಿಸಬೇಕು. ನಮ್ಮ ಕೃಷ್ಣನಿಗೆ ಅದು ರೂಢಿಯಾಗಲು ಎರಡು ತಾಲೀಮು ಹಿಡಿಯಿತು.

ಬ್ಯಾಟರಿ ಒಂದೇ ಒಂದು 18650, ಹೆಸರಾಂತ ಕಂಪನಿಯ 2,600 ಎಂಎಎಚ್ ಸೆಲ್. ಟೆಸ್ಟರಿಗೆ ಹಾಕಿದೆ, ಬರೆದಷ್ಟು ಬಂತು. ಒಂದೇ ಸೆಲ್ ಆದ್ದರಿಂದ ಒಂದು ಜಾಸ್ತಿ ತುಂಬಿ ಇನ್ನೊಂದು ಕಡಿಮೆ ತುಂಬುವ ತಲೆನೋವಿಲ್ಲ. ಬಿಡಿ ಸೆಲ್ ಕೈಗೆ ಕೊಡುವುದೂ ಇಲ್ಲ. ಬಿಡಿ ಸೆಲ್ ಜೇಬಿಗೆ ಹಾಕಿಕೊಂಡು, ಅದೇ ಜೇಬಿನಲ್ಲಿ ಬೀಗದ ಕೈ ಇದ್ದರೆ ಕಥೆ ಮುಗಿಯಿತು, ಶಾರ್ಟ್ ಆದ ಸೆಲ್ ಹತ್ತಾರು ಆಂಪಿಯರ್ ಉಗುಳುತ್ತದೆ. ಇವರು ಸೆಲ್‌ಗೆ ಪ್ರೊಟೆಕ್ಷನ್ ಬೋರ್ಡ್ ಕಟ್ಟಿ, ಪಾಸಿಟಿವ್ ತುದಿಯ ಪಕ್ಕದಲ್ಲೇ ಎರಡು ಆಂಪಿಯರ್ ಫ್ಯೂಸ್ ಇಟ್ಟು, ಮನೆ ವೈರಿಂಗಿನ 25 ಎಂಎಂ ಪಿವಿಸಿ ಪೈಪಿನ ತುಂಡಿನಲ್ಲಿ ಸ್ಪಂಜು ಸುತ್ತಿ ಕೂರಿಸುತ್ತಾರೆ. ಹೊರಗೆ ಬರುವುದು ಒಂದೇ ಕನೆಕ್ಟರ್, ಅದನ್ನು ಉಲ್ಟಾ ಚುಚ್ಚಲು ಬರುವುದಿಲ್ಲ. ಕತ್ತಲಲ್ಲಿ, ಅವಸರದಲ್ಲಿ, ಮುಖಕ್ಕೆ ಬಣ್ಣ ಬಳಿದುಕೊಂಡ ಯಾರೋ ಒಬ್ಬರು ಬದಲಾಯಿಸುವ ವಸ್ತು ಇದು. ಉಲ್ಟಾ ಹಾಕಲು ಸಾಧ್ಯವಿದ್ದರೆ ಯಾವತ್ತೋ ಒಂದು ದಿನ ಹಾಕಿಯೇ ಹಾಕುತ್ತಾರೆ. ಪ್ರತಿ ಪೈಪಿನ ಮೇಲೂ ಮಾರ್ಕರಿನಲ್ಲಿ ತಿಂಗಳು, ವರ್ಷ ಬರೆದಿರುತ್ತಾರೆ. ಚಕ್ರದ ಜೊತೆ ಇಂಥವು ಎರಡು ಕೊಡುತ್ತಾರೆ, ಜೊತೆಗೆ 4.2 ವೋಲ್ಟಿಗೆ ತಾನೇ ನಿಲ್ಲುವ ಚಾರ್ಜರ್.

ವೈರಿನ ಬಗ್ಗೆ ಒಂದು ಮಾತು. ಇಂಥ ಸಾಮಾನುಗಳಲ್ಲಿ ಕೈಕೊಡುವುದು ಎಲ್‌ಇಡಿಯಲ್ಲ, ಬೆಸುಗೆಯ ಪಕ್ಕದ ವೈರು. ಬೆಸುಗೆ ಹಾಕುವಾಗ ಸೀಸ ಎಳೆಗಳೊಳಗೆ ಏರಿ ಅಷ್ಟು ಭಾಗ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಆ ಗಟ್ಟಿ ಭಾಗ ಮುಗಿದು ಮೆತ್ತನೆಯದು ಶುರುವಾಗುವ ಜಾಗದಲ್ಲೇ, ಬಗ್ಗಿ ಬಗ್ಗಿ, ಒಂದು ದಿನ ಪಟ್ ಅನ್ನುತ್ತದೆ. ಹೊರಗೆ ಪ್ಲಾಸ್ಟಿಕ್ ಚೆನ್ನಾಗಿಯೇ ಇರುವುದರಿಂದ ಎಲ್ಲಿ ಹೋಯಿತು ಅಂತ ಹುಡುಕುವುದೂ ಕಷ್ಟ. ಇವರು ನೂರಾರು ಎಳೆಯ ಮೆತ್ತನೆ ಸಿಲಿಕೋನ್ ವೈರು ಬಳಸಿ, ಬೆಸುಗೆಯ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ ಹಾಕಿ, ಅದಾದ ಮೇಲೆ ವೈರನ್ನು ತಟ್ಟೆಗೇ ಕಟ್ಟಿಬಿಡುತ್ತಾರೆ. ಎಳೆದರೆ ಎಳೆತ ಕಟ್ಟಿಗೆ ಬೀಳುತ್ತದೆ, ಬೆಸುಗೆಗೆ ಬರುವುದಿಲ್ಲ. ಗ್ಲೂ ಗನ್ ಅಂಟು ಎಲ್ಲೂ ಕಾಣಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಟೆಂಪೋ ಮೇಲೆ ತಗಡಿನ ಟ್ರಂಕ್ ಕಾದರೆ ಆ ಅಂಟು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ, ಬೇರೆಯವರ ಕಿರೀಟದಲ್ಲಿ ಕಣ್ಣಾರೆ ನೋಡಿದ್ದೇನೆ.

ಚಕ್ರದ ಮೇಲೆ ನನ್ನ ದೂರು ಒಂದೇ. ಈಗ ಎಲ್ಲರೂ ನಾಟಕ ಮೊಬೈಲಿನಲ್ಲಿ ಹಿಡಿಯುತ್ತಾರೆ, ಯೂಟ್ಯೂಬ್ ಲೈವ್ ಬೇರೆ. ಬೆಳಕನ್ನು ತಗ್ಗಿಸಿದಾಗ ಎಲ್‌ಇಡಿ ನಿಜವಾಗಿ ಮಾಡುವುದು ಬಲು ಬೇಗ ಹತ್ತಿ ಆರುವುದು. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ವಿಡಿಯೋದಲ್ಲಿ ಚಕ್ರದ ಮೇಲೆ ಕಪ್ಪು ಗೆರೆಗಳು ಹರಿದಾಡುತ್ತವೆ. ಕೇಳಿದರೆ 'ಅದು ಎಲ್‌ಇಡಿ ಚಿಪ್ ಒಳಗೇ ಇರೋದು ಅಣ್ಣ, ನನ್ ಕೈಲಿಲ್ಲ' ಅಂದರು. ಮಾತು ನಿಜವೇ. ಆದರೂ ದುಬೈಯಲ್ಲಿ ಕೂತು ಲೈವ್ ನೋಡಿದ ನಮ್ಮ ಕೃಷ್ಣನ ಅಳಿಯನಿಗೆ ಅದನ್ನು ಅರ್ಥ ಮಾಡಿಸುವುದು ಕಷ್ಟ.

ಗದೆಗೆ ಬರೋಣ. ಭೀಮನಿಗೊಂದು, ದುರ್ಯೋಧನನಿಗೊಂದು, ಜೋಡಿ ತೆಗೆದುಕೊಂಡೆವು. ನಮ್ಮ ಭೀಮ ಲಾರಿ ಓನರ್, ತೂಕ ನೂರರ ಮೇಲೆ. ತಾಲೀಮಿನಲ್ಲೂ ಅವರಿಗೆ ಮೆತ್ತಗೆ ಹೊಡೆಯಲು ಬರುವುದಿಲ್ಲ. ಇದನ್ನು ಹೇಳಿದ ತಕ್ಷಣ ಅಂಗಡಿಯವರು ಲಿಥಿಯಂ ಬೇಡವೇ ಬೇಡ ಅಂದರು. ಗದೆಯ ಕೆಲಸವೇ ಏಟು ತಿನ್ನುವುದು. ಲಿಥಿಯಂ ಸೆಲ್ ಜಜ್ಜಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹಿಡಿಯಬಹುದು, ಆಗ ಹೊರಗಿನ ಫ್ಯೂಸ್ ಏನೂ ಮಾಡಲಾರದು. ಅದಕ್ಕೆ ಪೆನ್‌ಸೆಲ್ ಅಳತೆಯ, ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು. ಒಂದಕ್ಕೆ 1.2 ವೋಲ್ಟ್, ನಾಲ್ಕಕ್ಕೆ 4.8. ಆಗತಾನೆ ಚಾರ್ಜಾದಾಗ ನಾಲ್ಕೂ ಸೇರಿ 5.6 ದಾಟುವುದುಂಟು, ಚಕ್ರದಲ್ಲಿರುವ ಆ ಬಣ್ಣದ ಎಲ್‌ಇಡಿ ಪಟ್ಟಿಗೆ ಅದು ಜಾಸ್ತಿ. ಹಾಗಾಗಿ ಗದೆಗೆ ಸಾಮಾನ್ಯ ಹಳದಿ ಎಲ್‌ಇಡಿ ಹಾಕಿ, ಒಂದೊಂದಕ್ಕೂ ಕರೆಂಟ್ ಮಿತಿಯಲ್ಲಿಡುವ ರೆಸಿಸ್ಟರ್ ಕೊಟ್ಟಿದ್ದಾರೆ. ಇಷ್ಟು ಯೋಚನೆ ಮಾಡುವವರು ನಮ್ಮ ಫೀಲ್ಡಿನಲ್ಲೂ ಕಡಿಮೆ.

ಸೆಲ್‌ಗಳು ಇರುವುದು ಹಿಡಿಯ ಬುಡದಲ್ಲಿ, ಪಾತ್ರಧಾರಿಯ ಮುಷ್ಟಿಯ ಕೆಳಗೆ. ಏಟು ಬೀಳುವ ಗುಂಡಿನೊಳಗೆ ಫೋಮು ಮತ್ತು ಎಲ್‌ಇಡಿ ಬಿಟ್ಟರೆ ಏನೂ ಇಲ್ಲ. ಭಾರ ಕೈಯಲ್ಲೇ ಇರುವುದರಿಂದ ಬೀಸುವುದೂ ಸಲೀಸು. ಆದರೆ ನಮ್ಮ ಭೀಮನಿಗೆ ಇದೇ ಬೇಜಾರು. 'ಗದೆ ಅಂದ್ರೆ ತೂಕ ಇರ್ಬೇಕು ಕಣಯ್ಯಾ, ಇದು ಬಲೂನ್ ಹಿಡ್ದಂಗೆ ಅದೆ' ಅಂತ ಗೊಣಗುತ್ತಾರೆ. ಹಗುರದ ಗದೆಯನ್ನು ಭಾರ ಅಂತ ತೋರಿಸುವುದು ನಟನ ಕೆಲಸ ಅಲ್ವಾ? ಅದನ್ನು ಅವರ ಮುಂದೆ ಹೇಳುವ ಧೈರ್ಯ ಮಂಡಳಿಯಲ್ಲಿ ಯಾರಿಗೂ ಇಲ್ಲ.

ಗದೆಗೆ ಗದೆ ತಾಗಿದಾಗ ಬೆಳಕು ಝಗ್ ಅನ್ನಬೇಕು ಅಂತ ಒಳಗೆ ಒಂದು ಸ್ಪ್ರಿಂಗಿನ ಸೆನ್ಸರ್ ಇಟ್ಟಿದ್ದಾರೆ. ಐಡಿಯಾ ಚೆನ್ನಾಗಿದೆ, ಮೊದಲ ರಾತ್ರಿ ಜನ ಕುಣಿದಾಡಿದರು. ತೊಂದರೆ ಏನಪ್ಪಾ ಅಂದರೆ, ಭೀಮ ಹಲಗೆ ಮೇಲೆ ಕಾಲು ಅಪ್ಪಳಿಸಿದರೂ ಅದು ಝಗ್ ಅನ್ನುತ್ತಿತ್ತು. ದ್ರೌಪದಿಯ ಮುಂದೆ ಪ್ರತಿಜ್ಞೆ ಮಾಡುವಾಗ ಒಂದೊಂದು ಹೆಜ್ಜೆಗೂ ಮಿಂಚು. ವಾಪಸ್ ಕೊಂಡುಹೋದಾಗ ಒಳಗಿನ ಚಿಕ್ಕ ತಿರುಪು ತಿರುಗಿಸಿ ಸರಿ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಆ ತಿರುಪು ಹೊರಗಿನಿಂದಲೇ ಸಿಗುವ ಹಾಗೆ ಒಂದು ತೂತು ಬಿಟ್ಟಿದ್ದರೆ ನಾನೇ ಮಾಡಿಕೊಳ್ಳುತ್ತಿದ್ದೆ.

ಕಿರೀಟ ನನಗೆ ಸಮಾಧಾನ ತರಲಿಲ್ಲ. ವಿಶ್ವರೂಪಕ್ಕೆ ಅಂತ ಕೃಷ್ಣನ ಕಿರೀಟದ ಹಿಂದೆ ಪ್ರಭಾವಳಿ ತರಹ ಬೆಳಕಿನ ಸುತ್ತು. ತಲೆಯ ಮೇಲೆ ಬ್ಯಾಟರಿ ಇಡುವುದಿಲ್ಲ ಅಂತ ಅವರು ಹಠ ಹಿಡಿದರು, ಅದು ಸರಿಯೇ. ಬ್ಯಾಟರಿ ಸೊಂಟದ ಡಾಬಿನ ಹಿಂದೆ, ಅಲ್ಲಿಂದ ವೈರು ಬೆನ್ನ ಮೇಲೆ ವಿಗ್ಗಿನ ಕೆಳಗೆ ಹೋಗುತ್ತದೆ. ಕತ್ತಿನ ಹತ್ತಿರ ಆಯಸ್ಕಾಂತದ ಕನೆಕ್ಟರ್, ಯಾರಾದರೂ ಎಳೆದರೆ ಕತ್ತು ಹಿಡಿಯದೆ ಕಳಚಿಕೊಳ್ಳುತ್ತದೆ. ಇದೂ ಒಳ್ಳೆ ಯೋಚನೆ. ಆದರೆ ನಮ್ಮ ಕೃಷ್ಣ ಕತ್ತು ಜೋರಾಗಿ ತಿರುಗಿಸಿದರೂ ಕಳಚಿಕೊಂಡಿತು! ಬೆವರಿಗೆ ಕನೆಕ್ಟರಿನ ಕಾಲುಗಳು ಒಂದೆರಡು ಪ್ರದರ್ಶನಕ್ಕೇ ಹಸಿರು ತಿರುಗಿದವು, ಬೆವರಿನ ಉಪ್ಪು ತಾಮ್ರವನ್ನು ಬಿಡುವುದಿಲ್ಲ. ಇನ್ನೊಂದು, ವೋಲ್ಟೇಜ್ ಏರಿಸುವ ಸಣ್ಣ ಬೋರ್ಡು ಕಾಲರ್ ಮೈಕಿನ ಟ್ರಾನ್ಸ್‌ಮಿಟರ್ ಪಕ್ಕದಲ್ಲೇ ಕೂರುತ್ತದೆ. ಬೆಳಕು ಹತ್ತಿದ ತಕ್ಷಣ ಸ್ಪೀಕರಿನಲ್ಲಿ ಗುಂಯ್. ಬೋರ್ಡನ್ನು ಇನ್ನೊಂದು ಪಕ್ಕಕ್ಕೆ ಸರಿಸಿ, ವೈರಿಗೆ ಇಂಥ ಸದ್ದು ತಡೆಯುವ ಫೆರೈಟ್ ಉಂಗುರ ಹಾಕಿಕೊಟ್ಟರು. ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮೇಲಿಂದ ತೂಗುಬಿಡುವ ಮೈಕ್ ಬಳಸುವ ಮಂಡಳಿಗಳಿಗೆ ಈ ಕಾಟ ಇರುವುದಿಲ್ಲ. ನನ್ನನ್ನು ಕೇಳಿದರೆ ಪ್ರಭಾವಳಿಯನ್ನು ಹಿಂದಿನ ಪರದೆಗೆ ಕಟ್ಟಿ, ಕೃಷ್ಣನನ್ನು ಅದರ ಮುಂದೆ ನಿಲ್ಲಿಸುವುದೇ ವಾಸಿ.

ಕೈದೀಪದ ವಿಷಯ ಚಿಕ್ಕದು, ಆದರೆ ಮಕ್ಕಳಿರುವವರು ಓದಲೇಬೇಕು. ನನ್ನ ತಂಗಿಯ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ದೀಪದ ಡ್ಯಾನ್ಸ್ ಇತ್ತು. ಪೇಟೆಯಲ್ಲಿ ಸಿಗುವ ಅಗ್ಗದ ಬ್ಯಾಟರಿ ದೀಪಗಳಲ್ಲಿ ಇರುವುದು ಬಟನ್ ಸೆಲ್. ಮುಚ್ಚಳ ಉಗುರಲ್ಲಿ ತೆಗೆದರೂ ಬರುತ್ತದೆ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಇದರ ಬಗ್ಗೆ ವೈದ್ಯರು ಹೇಳಿ ಹೇಳಿ ಸಾಕಾಗಿದ್ದಾರೆ. ಇವರ ದೀಪದಲ್ಲಿ ಎರಡು ಸಣ್ಣ ಪೆನ್‌ಸೆಲ್, ಮುಚ್ಚಳಕ್ಕೆ ಸ್ಕ್ರೂ. ಜ್ವಾಲೆಗೆ ಹಳದಿ ಎಲ್‌ಇಡಿ, ಅದಕ್ಕೆ ಎರಡು ವೋಲ್ಟಿನ ಆಸುಪಾಸು ಸಾಕು, ಹಾಗಾಗಿ ಸೆಲ್ ಇಳಿದರೂ ತುಂಬ ಹೊತ್ತು ಉರಿಯುತ್ತದೆ. ಹಣತೆ ಮಣ್ಣಿನದಲ್ಲ, ಅದೇ ಫೋಮು. ಕೈತಪ್ಪಿ ಬಿದ್ದು ಒಡೆದು, ಬರಿಗಾಲಿನ ಮಕ್ಕಳು ತುಳಿಯುವ ಭಯ ಇಲ್ಲ. ಒಂದಕ್ಕೆ 180 ರೂಪಾಯಿ.

ಬೆಲೆ ಹೇಳಿಬಿಡುತ್ತೇನೆ. ಚಕ್ರ 4,200, ಬ್ಯಾಟರಿ ಎರಡು ಮತ್ತು ಚಾರ್ಜರ್ ಸೇರಿ. ಗದೆ ಜೋಡಿ 5,500. ಕಿರೀಟದ ಬೆಳಕಿನ ಸುತ್ತು 2,600, ಕಿರೀಟ ನಮ್ಮದೇ. ರೆಡಿಮೇಡ್ ಚಕ್ರಕ್ಕೆ ಇದರ ಅರ್ಧವೂ ಆಗಿರಲಿಲ್ಲ. ನಮ್ಮ ಖಜಾಂಚಿ ಇವತ್ತಿಗೂ ಅದನ್ನೇ ಎತ್ತಾಡುತ್ತಾರೆ, ಆಡಲಿ. ಒಂದು ವರ್ಷ ವೈರು, ಬೋರ್ಡು ಏನು ಹೋದರೂ ಸುಮ್ನೆ ಮಾಡಿಕೊಡುತ್ತಾರೆ. ಸೆಲ್‌ಗೆ ಗ್ಯಾರಂಟಿ ಇಲ್ಲ. ಉಬ್ಬಿದ, ಹಳೆಯ ಸೆಲ್ ತಂದುಕೊಟ್ಟರೆ ತೆಗೆದುಕೊಂಡು ಬೇರೆ ಡಬ್ಬಿಗೆ ಹಾಕುತ್ತಾರೆ, ಕಸದ ಗಾಡಿಗೆ ಕೊಡಬೇಡಿ ಅಂತ ಗದರುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲೂ ಇರುವುದು ಅದೇ, ಬ್ಯಾಟರಿ ಬೇರೆ ಕಸದ ಜೊತೆ ಸೇರಬಾರದು.

ಪೆಟ್ಟಿಗೆಯ ಮುಚ್ಚಳದ ಒಳಗೆ ಕೈಯಲ್ಲಿ ಬರೆದ ಕನ್ನಡದ ಒಂದು ಚೀಟಿ ಅಂಟಿಸಿರುತ್ತಾರೆ. ನಾಟಕ ಮುಗಿದ ತಕ್ಷಣ ಬ್ಯಾಟರಿ ಕಳಚಿ. ರಾತ್ರಿ ಚಾರ್ಜಿಗಿಟ್ಟು ಮಲಗಬೇಡಿ. ಸೀಸನ್ ಮುಗಿದ ಮೇಲೆ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ, ಬಟ್ಟೆಯ ಟ್ರಂಕಿನಿಂದ ದೂರ ಇಡಿ. ಉಬ್ಬಿದ್ದರೆ, ಬಿಸಿಯಾದರೆ, ಸಿಹಿ ವಾಸನೆ ಬಂದರೆ ಮುಟ್ಟಬೇಡಿ. ಹೊಗೆ ಬಂದರೆ ಬಯಲಿಗೆ ಎಸೆದು ನೀರು ಸುರಿಯುತ್ತಲೇ ಇರಿ. ಪೂರ್ತಿ ತುಂಬಿದ ಸೆಲ್ ಬಿಸಿಲಲ್ಲಿ ಬೇಗ ಮುದಿಯಾಗುತ್ತದೆ ಅಂತ ನಾನು ನನ್ನ ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದೇನೆ. ಇವರದು ಚೀಟಿಯಲ್ಲೇ ಮುಗಿಯುತ್ತದೆ. ನಾನೂ ಒಂದು ಚೀಟಿ ಮಾಡಿಸಬೇಕು ಅಂತ ಇದ್ದೇನೆ.

ಈಗ ಬೈಗುಳದ ಪಾಲು. ಹೇಳಿದ ದಿನಕ್ಕೆ ಕೊಡುವುದಿಲ್ಲ. ಫೋನ್ ಎತ್ತುವುದಿಲ್ಲ, ಎತ್ತಿದರೆ ಅವರ ತಂಗಿ ಮಗ ಎತ್ತಿ 'ಮಾವ ಬೆಸುಗೆ ಹಾಕ್ತಾವ್ರೆ' ಅನ್ನುತ್ತಾನೆ. ನಮ್ಮ ಗದೆಗಳು ನಾಟಕದ ಹಿಂದಿನ ದಿನ ಸಂಜೆ ಕೈಗೆ ಬಂದವು, ಬಣ್ಣ ಇನ್ನೂ ಅಂಟುತ್ತಿತ್ತು. ಸಂಕ್ರಾಂತಿಯಿಂದ ಶುರುವಾಗಿ ಶಿವರಾತ್ರಿ, ಯುಗಾದಿ, ಊರ ಜಾತ್ರೆಗಳು ಮುಗಿಯುವವರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಾಡಿಗೆಗೂ ಕೊಡುವುದಿಲ್ಲ. ಬಾಡಿಗೆಗೆ ಹೋದ ಬ್ಯಾಟರಿಯನ್ನು ಯಾರು ಹೇಗೆ ಚಾರ್ಜ್ ಮಾಡಿದರು ಅಂತ ಗೊತ್ತಾಗುವುದಿಲ್ಲವಂತೆ, ಈ ಮಾತಿಗೆ ನನ್ನ ಬೆಂಬಲ ಇದೆ.

ಹಾಗಾಗಿ ದೀಪಾವಳಿ ಹೊತ್ತಿಗೇ ಆರ್ಡರ್ ಕೊಟ್ಟುಬಿಡಿ, ಅರ್ಧ ಮುಂಗಡ. ಹೋಗುವಾಗ ಪಾತ್ರಧಾರಿಯನ್ನು ಕರೆದುಕೊಂಡೇ ಹೋಗಿ. ಬೆರಳಿನ ಅಳತೆ, ಮುಷ್ಟಿಯ ಅಳತೆ ತೆಗೆದುಕೊಳ್ಳದೆ ಅವರು ಹಿಡಿ ಮಾಡುವುದಿಲ್ಲ. ಕಡಗ, ಉಂಗುರ ತೊಟ್ಟುಕೊಂಡೇ ಅಳತೆ ಕೊಡಿಸಿ, ಬರಿಗೈಯ ಅಳತೆ ರಂಗದ ಮೇಲೆ ಬಿಗಿಯಾಗುತ್ತದೆ. ಭಾನುವಾರ ಬಾಗಿಲು ಹಾಕಿರುತ್ತದೆ.